ಮರಗಟ್ಟುವುದಕ್ಕೆ ಇನ್ನೊಂದು ಮಾತು

ಜೂನ್ ಒಂಬತ್ತು, ಸೋಮವಾರ, ಬೆಳಗ್ಗೆ ಹತ್ತೂಕಾಲು. ಕಳಸದ ಬಸ್‌ಸ್ಟ್ಯಾಂಡಿನ ಹತ್ತಿರ, ಹಾರ್ಡ್‌ವೇರ್ ಅಂಗಡಿಯ ಮೇಲಿರುವ ನನ್ನ ಹಲ್ಲಿನ ಕ್ಲಿನಿಕ್ಕಿಗೆ ಅಂದಿನ ಎರಡನೇ ಪೇಷೆಂಟ್ ಬಂದರು. ಬಾಯಿಗೆ ಕರ್ಚೀಫು ಅಡ್ಡ ಹಿಡಿದಿದ್ದರು. ಮೂವತ್ತೊಂದು ವರ್ಷ. ಎಸ್ಟೇಟಿನ ಕೂಲಿಲೈನಿನ ಮಕ್ಕಳು ಬರುವ ಒಂದು ಅಂಗನವಾಡಿಯಲ್ಲಿ ಟೀಚರ್.

"ಎಂತ ಆಯ್ತು ಟೀಚರ್?" ಎಂದು ಕೇಳಿದೆ.

"ಕೋಡುಬಳೆ ಡಾಕ್ಟ್ರೇ. ಥಣ್ಣ ಕೋಡುಬಳೆ."

ಕರ್ಚೀಫು ತೆಗೆದರು. ಮೇಲಿನ ಸಾಲಿನ ಎಡಗಡೆಯ ಎದುರು ಹಲ್ಲು ಒಸಡಿನ ಮಟ್ಟಕ್ಕೆ ಮುರಿದಿತ್ತು.

"ನನ್ನ ಬಾಯಿ ಹಾಳಾದ್ರೆ ಹೋಗ್ಲಿ, ಮಕ್ಕಳೆಲ್ಲ ನನ್ನ ಹಂಗೇ ಮಾತಾಡಕ್ಕೆ ಶುರು ಮಾಡಿದಾವೆ. ಥೂರ್ಯ, ಥೊಪ್ಪು, ಥಾರು. ಶನಿವಾರ ಒಬ್ಬಳ ಅಮ್ಮ ಬಂದು, ಟೀಚರೇ ನಮ್ಮನೇಲಿ ಥಾರು ಮಾಡಲ್ಲ, ಬರೀ ಹುಳಿ ಮಾಡ್ತೀವಿ, ನಮ್ಮ ಹುಡುಗಿಗೆ ಎಂತ ಹೇಳ್ಕೊಡ್ತಿದೀರಿ ಅಂತ ಕೇಳಿ ಹೋದ್ರು."

ನನಗೆ ಸಹಾಯಕ್ಕಿರುವ ಅಕ್ಕ ಗೋಡೆ ಕಡೆ ತಿರುಗಿ ನಕ್ಕಳು. ಟೀಚರೂ ನಕ್ಕರು, ತಕ್ಷಣ ಕೈ ಬಾಯಿಗೆ ಹೋಯಿತು. ಇಲ್ಲಿಂದ ಮುಂದೆ ಅವರ ಮಾತನ್ನು ಸರಿಯಾದ ಸಕಾರದಲ್ಲೇ ಬರೆಯುತ್ತೇನೆ. ಅವರು ಹಾಗೆ ಕೇಳಿಕೊಂಡಿದ್ದಾರೆ.

ಪರೀಕ್ಷಿಸಿ ನೋಡಿದಾಗ ಮುಂಭಾಗದಲ್ಲಿ ಹಲ್ಲು ಒಸಡಿನ ಅಂಚಿಗೆ ಸಮವಾಗಿ ಮುರಿದಿತ್ತು. ಅಂಗುಳಿನ ಕಡೆ ಮುರುಕು ಇನ್ನೂ ಆಳಕ್ಕೆ, ಒಸಡಿನೊಳಗೆ ಇಳಿದಿತ್ತು. ಬೇರು ಅಲುಗುತ್ತಿರಲಿಲ್ಲ. ತಣ್ಣನೆಯ ಹತ್ತಿ ಇಟ್ಟರೆ ಅದಕ್ಕೆ ಏನೂ ಗೊತ್ತಾಗಲಿಲ್ಲ. ಅಂದರೆ ಹಲ್ಲಿನ ಒಳಗಿನ ನರ ಯಾವಾಗಲೋ ಸತ್ತಿತ್ತು. ಮುರಿಯುವ ಮೊದಲು ಆ ಹಲ್ಲು ಅಕ್ಕಪಕ್ಕದವಕ್ಕಿಂತ ಬೂದು ಬಣ್ಣಕ್ಕಿತ್ತೆಂದು ಅವರೇ ಹೇಳಿದರು.

ನಾನು ದಾರಿಗಳನ್ನು ಒಂದೊಂದಾಗಿ ಹೇಳಿದೆ. ಬೇರನ್ನು ಕಿತ್ತು ತೆಗೆಯುವುದು. ಆಮೇಲೆ ತೆಗೆದಿಡುವ ಹಲ್ಲು, ಇಲ್ಲವೇ ಪಕ್ಕದ ಎರಡು ಹಲ್ಲು ತೇಯ್ದು ಸೇತುವೆಯಂತೆ ಕೂರಿಸುವ ಹಲ್ಲು, ಇಲ್ಲವೇ ಮೂಳೆಗೆ ಸ್ಕ್ರೂ ಹಾಕಿ ಕೂರಿಸುವ ಇಂಪ್ಲಾಂಟು. ಅಥವಾ ಬೇರು ಉಳಿಸಿಕೊಂಡು ರೂಟ್ ಕೆನಾಲ್ ಮಾಡಿ, ಒಳಗೆ ಕಡ್ಡಿ ನಿಲ್ಲಿಸಿ, ಮೇಲೆ ಕ್ಯಾಪ್. ಬೇರು ಉಳಿಸುವುದರಲ್ಲಿ ಒಂದು ತೊಡಕಿತ್ತು. ಪೀಪಾಯಿಗೆ ಪಟ್ಟಿ ಬಿಗಿದ ಹಾಗೆ ಕ್ಯಾಪ್ ಗಟ್ಟಿ ಹಲ್ಲನ್ನು ಸುತ್ತಲೂ ಹಿಡಿದುಕೊಳ್ಳಬೇಕು. ಅದಕ್ಕೆ ಒಸಡಿನಿಂದ ಹೊರಗೆ ಎರಡು ಮಿಲಿಮೀಟರಾದರೂ ಹಲ್ಲು ಕಾಣಬೇಕು. ಇವರದ್ದು ಒಂದೂ ಕಾಣುತ್ತಿರಲಿಲ್ಲ. ಒಸಡು ಮತ್ತು ಮೂಳೆ ಕತ್ತರಿಸಿ ಹಲ್ಲನ್ನು ಹೊರಗೆ ತೋರಿಸಬಹುದು, ಆದರೆ ಎದುರು ಹಲ್ಲಿನಲ್ಲಿ ಹಾಗೆ ಮಾಡಿದರೆ ನಕ್ಕಾಗ ಒಸಡು ಏರುಪೇರಾಗಿ ಕಾಣುತ್ತದೆ. ಇಲ್ಲವೇ ಬೇರನ್ನೇ ದಾರದಲ್ಲಿ ಮೆಲ್ಲಗೆ ಕೆಳಗೆ ಎಳೆದುಕೊಳ್ಳಬೇಕು. ಅದಕ್ಕೆ ತಿಂಗಳುಗಳು ಬೇಕು, ಪೇಷೆಂಟಿಗೆ ತಾಳ್ಮೆಯೂ ಬೇಕು.

ಟೀಚರ್ ಎಲ್ಲವನ್ನೂ ಕೇಳಿಸಿಕೊಂಡರು. "ಬೇರು ಉಳೀತದಾ?" ಎಂದು ಎರಡು ಸಲ ಕೇಳಿದರು. ಆದರೆ ಕೈಬೆರಳುಗಳು ಕುರ್ಚಿಯ ಅಂಚನ್ನು ಹಿಡಿದು ಬಿಳಿಚಿದ್ದವು. ಅದನ್ನು ನೋಡಿ ನಾನು ದಿನಕ್ಕೆ ಹತ್ತು ಜನರಿಗೆ ಹೇಳುವ ಮಾತನ್ನು ಹೇಳಿದೆ:

"ಹೆದರ್ಬೇಡಿ ಟೀಚರ್. ಏನು ಮಾಡಿದ್ರೂ ಮೊದಲು ಮರಗಟ್ಟಿಸ್ತೀನಿ. ಏನೂ ಗೊತ್ತಾಗಲ್ಲ. ಸ್ವಲ್ಪ ಹೊತ್ತಿಗೆ ಬಿಡುತ್ತೆ."

ಅವರು ಎದ್ದರು. ಚಪ್ಪಲಿ ಹಾಕಿಕೊಂಡರು. "ಇನ್ನೊಂದಿನ ಬರ್ತೀನಿ ಡಾಕ್ಟ್ರೇ," ಎಂದವರು ಕೊಡೆಯನ್ನೂ ಬಿಟ್ಟು ಮೆಟ್ಟಿಲಿಳಿದು ಹೋದರು. ಹೊರಗೆ ಜೋರು ಮಳೆ.

"ಸೂಜಿ ಅಂದ್ರೆ ಭಯ ಕಾಣ್ತದೆ," ಎಂದಳು ಅಕ್ಕ. ನಾನೂ ಹಾಗೇ ಬರೆದಿಟ್ಟುಕೊಂಡೆ: ಸೂಜಿಯ ಭಯ.

ಜೂನ್ ಹತ್ತೊಂಬತ್ತು, ಗುರುವಾರ ಅವರು ಮತ್ತೆ ಬಂದರು. ಮೇಲ್ದುಟಿ ಊದಿ ಮೂಗಿನವರೆಗೆ ಏರಿತ್ತು. ಎರಡು ರಾತ್ರಿ ನಿದ್ದೆಯಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮಾತ್ರೆ ನುಂಗಿದ್ದರು, ಅರ್ಧಕ್ಕೆ ನಿಲ್ಲಿಸಿಯೂ ಇದ್ದರು. ಸತ್ತ ನರದ ಕೊಳೆ ಬೇರಿನ ತುದಿಯಿಂದ ಮೂಳೆಗೆ ಇಳಿದು ಕೀವಾಗಿತ್ತು. ಇದನ್ನು ಇವತ್ತೇ ಹೊರಗೆ ಬಿಡದಿದ್ದರೆ ಊತ ಕಣ್ಣಿನ ಕಡೆಗೆ ಹೋಗಬಹುದು ಎಂದು ತಿಳಿಸಿದೆ.

"ಬಿಡಿ ಹೊರಗೆ," ಎಂದರು ಟೀಚರ್. "ಆದ್ರೆ ಇಂಜೆಕ್ಷನ್ ಬೇಡ."

ಸೂಜಿ ಕಾಣದಂತೆ ಕೈ ಹಿಂದೆ ಇಟ್ಟುಕೊಂಡೆ, ಮುಲಾಮು ಹಚ್ಚುತ್ತೇನೆ ಎಂದೆ. ತುಟಿ ಎತ್ತಿದ ಕೂಡಲೇ ಅವರ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಸಿರಿಂಜು ನೆಲಕ್ಕೆ ಬಿದ್ದು ಕುರ್ಚಿಯ ಕೆಳಗೆ ಉರುಳಿತು. ಯಾರಿಗೂ ಚುಚ್ಚಲಿಲ್ಲ ಎಂಬುದೊಂದೇ ಸಮಾಧಾನ.

"ಕ್ಷಮಿಸಿ. ನೀವು ಹಂಗೇ ಕುಯ್ದುಬಿಡಿ, ನಾನು ತಡ್ಕೊಳ್ತೀನಿ," ಎಂದರು. ಸೂಜಿಗೆ ಹೆದರುವವರು ಹಾಗೇ ಕುಯ್ಯಿರಿ ಎನ್ನುತ್ತಾರೆಯೇ? ಆ ಪ್ರಶ್ನೆ ಆಗ ನನಗೆ ಹೊಳೆಯಲಿಲ್ಲ.

ನನಗೆ ಕಲಿಸಿದ ಮೇಡಂಗೆ ಫೋನ್ ಮಾಡಿದೆ. ಅವರ ಸಲಹೆ ನೇರವಾಗಿತ್ತು. "ಇಷ್ಟು ಗಾಬರಿ ಇರೋ ಪೇಷೆಂಟ್‌ಗೆ ತಿಂಗಳುಗಟ್ಟಲೆ ಪ್ಲಾನ್ ಹಾಕ್ಬೇಡ. ದೊಡ್ಡಾಸ್ಪತ್ರೆಗೆ ಕಳಿಸು. ಪೂರ್ತಿ ಪ್ರಜ್ಞೆ ತಪ್ಪಿಸಿ, ಒಂದೇ ಸಲಕ್ಕೆ ಬೇರು ತೆಗೀತಾರೆ." ಇದು ತಪ್ಪು ಸಲಹೆಯಲ್ಲ. ಬೇರೆ ಪೇಷೆಂಟ್ ಆಗಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಟೀಚರಿಗೆ ಹೇಳಿದೆ. ಪ್ರಜ್ಞೆ ತಪ್ಪಿಸುವುದು ಎಂಬ ಮಾತು ಕೇಳಿ ಅವರು ತಲೆ ಅಲ್ಲಾಡಿಸಿದರು, ಕಣ್ಣಲ್ಲಿ ನೀರು ಬಂತು.

ಎಲ್ಲಿಗೆ ಕಳಿಸುವುದಾದರೂ ಎಕ್ಸ್‌ರೇ ಬೇಕಲ್ಲ, ತೆಗೆದೆ. ಕಂಪ್ಯೂಟರ್ ಪರದೆಯ ಮೇಲೆ ಅವರ ಎರಡು ಎದುರು ಹಲ್ಲುಗಳ ಬೇರು ಪಕ್ಕಪಕ್ಕ ಮೂಡಿದವು. ನಾನು ಕುರ್ಚಿ ಎಳೆದುಕೊಂಡು ಹತ್ತಿರ ಕೂತೆ.

ಹಲ್ಲಿನ ನಡುವೆ ನರ ಇರುವ ಕೊಳವೆ ಇರುತ್ತದೆ. ಚಿಕ್ಕ ವಯಸ್ಸಿನಲ್ಲಿ ಅದು ಅಗಲ. ಜೀವವಿರುವ ನರ ವರ್ಷವರ್ಷವೂ ಒಳಗೋಡೆಗೆ ತೆಳುವಾಗಿ ಹಲ್ಲಿನ ಪದರ ಸೇರಿಸುತ್ತ ಕೊಳವೆಯನ್ನು ಕಿರಿದು ಮಾಡುತ್ತ ಹೋಗುತ್ತದೆ. ನರ ಸತ್ತ ದಿನ ಆ ಕೆಲಸ ನಿಲ್ಲುತ್ತದೆ. ಟೀಚರ ಬಲಗಡೆಯ ಹಲ್ಲಿನಲ್ಲಿ ಕೊಳವೆ ಪೆನ್ಸಿಲಿನ ಗೆರೆಯಷ್ಟಿತ್ತು, ಮೂವತ್ತು ದಾಟಿದವರಲ್ಲಿ ಇರುವಂತೆಯೇ. ಮುರಿದ ಎಡಗಡೆಯದರಲ್ಲಿ ಅದು ಅಗಲವಾಗಿ ಕಪ್ಪಗೆ ಬಾಯಿ ತೆರೆದಿತ್ತು. ಬೇರಿನ ತುದಿ ಮಾತ್ರ ಮುಚ್ಚಿಕೊಂಡಿತ್ತು. ಎದುರು ಹಲ್ಲಿನ ತುದಿ ಮುಚ್ಚುವುದು ಹತ್ತನೇ ವಯಸ್ಸಿನ ಸುಮಾರಿಗೆ. ಅಂದರೆ ಈ ಹಲ್ಲಿನ ಗಡಿಯಾರ ಅದಾದ ಸ್ವಲ್ಪದರಲ್ಲೇ ನಿಂತುಹೋಗಿತ್ತು. ಪುಸ್ತಕದಲ್ಲಿ ಓದಿದ್ದೆ. ಒಂದೇ ಬಾಯಿಯಲ್ಲಿ, ಒಂದಕ್ಕೊಂದು ಅಂಟಿಕೊಂಡು ಒಂದು ಮೂವತ್ತೊಂದರ ಹಲ್ಲು, ಇನ್ನೊಂದು ಹುಡುಗಿಯ ಹಲ್ಲು ಇರುವುದನ್ನು ಹೀಗೆ ನೋಡಿದ್ದು ಅದೇ ಮೊದಲು.

"ಟೀಚರ್, ನಿಮಗೆ ಹನ್ನೊಂದು, ಹನ್ನೆರಡು ವರ್ಷ ಇದ್ದಾಗ ಮುಖಕ್ಕೆ ಪೆಟ್ಟು ಬಿದ್ದಿತ್ತಾ?"

ಅವರು ಪರದೆಯನ್ನೂ ನನ್ನನ್ನೂ ನೋಡಿದರು. "ಅದರಲ್ಲಿ ಅದು ಕಾಣ್ತದಾ?"

"ಕಾಣ್ತದೆ."

ಕಿಟಕಿಯ ಕಡೆ ಕೈ ತೋರಿಸಿ, "ಅಪ್ಪ ಕೆಳಗೆ ಜೀಪಲ್ಲಿದಾರೆ. ಅವರನ್ನ ಕೇಳಿ," ಎಂದರು.

ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಂತ ಜೀಪಿನ ಮುಂದಿನ ಸೀಟಿನಲ್ಲಿ, ಎದೆಗೆ ಅಡ್ಡಲಾಗಿ ಪಂಚೆ ಕಟ್ಟಿ ಸೀಟಿಗೆ ಬಿಗಿದುಕೊಂಡು ಅವರು ಕೂತಿದ್ದರು. ನನ್ನನ್ನು ನೋಡಿ ಕೈ ಮುಗಿದರು.

"ಬನ್ನಿ ಡಾಕ್ಟ್ರಮ್ಮ. ನಾನೇ ಮೇಲೆ ಬರ್ತಿದ್ದೆ. ನಿಮ್ಮ ಮೆಟ್ಟಿಲಿಗೂ ನನ್ನ ಕಾಲಿಗೂ ಮಾತುಕತೆ ಇಲ್ಲ ನೋಡಿ."

ಜೀಪಿನ ಡ್ರೈವರ್ ನಕ್ಕು ಬೀಡಿ ಸೇದಲು ಆಚೆ ಹೋದ. ನಾನು ಕೇಳಿದೆ. ಅವರು ಹೇಳಿದರು. ಎಸ್ಟೇಟಿನಲ್ಲಿ ಅವರದ್ದು ಮರಗಸಿ ಕೆಲಸ, ಅಂದರೆ ಕಾಫಿ ಗಿಡಕ್ಕೆ ಬೆಳಕು ಬೀಳುವಂತೆ ನೆರಳಿನ ಮರ ಹತ್ತಿ ಕೊಂಬೆ ಸವರುವುದು.

"ಮಗಳಿಗೆ ಆಗ ಹನ್ನೆರಡು. ಮಧ್ಯಾಹ್ನ ಬುತ್ತಿ ತಂದಿದ್ಲು. ನಾನು ಕಡಿದ ಕೊಂಬೆ ಕೆಳಗೆ ಹೋಯ್ತು, ಅದರ ಹಿಂದೆ ನಾನೂ ಹೋದೆ. ಇವಳು ಅಪ್ಪಾ ಅಂತ ಓಡಿ ಬಂದ್ಲು, ಕಾಫಿ ಬೊಡ್ಡೆಗೆ ಎಡವಿ ಮುಖ ಅಡಿ ಮಾಡಿ ಬಿದ್ಲು. ಬಾಯಿ ತುಂಬ ರಕ್ತ. ಅವತ್ತು ಎಲ್ರೂ ನನ್ನ ಎತ್ತಿದ್ರು ಡಾಕ್ಟ್ರಮ್ಮ. ಅವಳ ಬಾಯಿ ಯಾರು ನೋಡ್ತಾರೆ?"

"ಆಮೇಲೆ?"

"ಆಮೇಲೆಂತ, ಆಸ್ಪತ್ರೆ. ಅಲ್ಲಿ ಡಾಕ್ಟ್ರು ಕಾಲೆಲ್ಲ ಚುಚ್ಚಿ ನೋಡಿ ಇವಳ ಮುಂದೇನೇ ಹೇಳಿದ್ರು: 'ಮರಗಟ್ಟಿದೆ ಅಷ್ಟೇ. ಸ್ವಲ್ಪ ದಿನಕ್ಕೆ ಬಿಡುತ್ತೆ.' ಒಳ್ಳೇ ಮನುಷ್ಯ. ಧೈರ್ಯಕ್ಕೆ ಹೇಳಿದ್ದು. ಇವಳು ಅದನ್ನೇ ನಂಬ್ಕೊಂಡ್ಲು. ದಿನಾ ಬೆಳಗ್ಗೆ ನನ್ನ ಹೆಬ್ಬೆರಳು ಚಿವುಟಿ ಕೇಳೋಳು, ಬಿಡ್ತಾ ಅಪ್ಪ? ಬಿಡ್ತಾ? ಪಿಯುಸಿ ಮುಗಿಯೋ ತನಕ ಕೇಳಿದ್ಲು." ಅವರು ತೊಡೆಯ ಮೇಲೆ ಎರಡು ಸಲ ಬಡಿದರು, ಹಲಗೆಯನ್ನು ಬಡಿದಂತೆ. "ಅಷ್ಟು ವರ್ಷ ನಾನು ಮರ ಹತ್ತಿದೆ. ಈಗ ಮರ ನನ್ನ ಹತ್ತಿ ಕೂತಿದೆ. ಇಳಿ ಅಂದ್ರೆ ಇಳಿಯಲ್ಲ ಮಾರಾಯ್ತಿ."

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರು ನಗುತ್ತಿದ್ದರು.

ಮೆಟ್ಟಿಲು ಹತ್ತುವಾಗ ನನ್ನದೇ ಮಾತು ಕಿವಿಯಲ್ಲಿ ಕೇಳಿತು. ಮರಗಟ್ಟಿಸ್ತೀನಿ, ಏನೂ ಗೊತ್ತಾಗಲ್ಲ, ಸ್ವಲ್ಪ ಹೊತ್ತಿಗೆ ಬಿಡುತ್ತೆ. ಆ ಡಾಕ್ಟರು ದಿನ ಎಂದಿದ್ದರು, ನಾನು ಹೊತ್ತು ಎಂದಿದ್ದೆ. ಉಳಿದಂತೆ ಒಂದೇ ವಾಕ್ಯ. ಧೈರ್ಯ ಹೇಳಲೆಂದು ನಾವೆಲ್ಲ ಕಲಿತಿಟ್ಟುಕೊಂಡ ವಾಕ್ಯವೇ ಇವರ ಭಯ.

ಟೀಚರ ಎದುರು ಕೂತು ಕೇಳಿದೆ. ಅವರು ಹೇಳಿದ್ದು ಇಷ್ಟು: "ನೋವಿಗೆ ನಾನು ಹೆದರಲ್ಲ ಡಾಕ್ಟ್ರೇ. ನೋಯ್ತಾ ಇದ್ರೆ ಅದು ಇದೆ ಅಂತ ಗೊತ್ತಾಗ್ತದೆ. ಗೊತ್ತಾಗದೇ ಇರೋದು ನಂಗೆ ಆಗಲ್ಲ."

ನಾನು ಬರೆದಿಟ್ಟಿದ್ದ 'ಸೂಜಿಯ ಭಯ' ಎಂಬುದನ್ನು ಹೊಡೆದುಹಾಕಿದೆ. ಈ ಭಯಕ್ಕೆ ಪ್ರಜ್ಞೆ ತಪ್ಪಿಸುವುದು ಔಷಧಿಯಾಗುವುದಿಲ್ಲ. ಬೇರು ಕೀಳುವುದಕ್ಕೂ ಇಂಜೆಕ್ಷನ್ ಬೇಕೇ ಬೇಕು. ಸುಲಭದ್ದು ಎಂದು ಎಲ್ಲರೂ ಹೇಳುವ ದಾರಿಯೇ ಇವರಿಗೆ ಕಷ್ಟದ್ದು. ಆದರೆ ಸತ್ತ ಹಲ್ಲಿನ ಒಳಗೆ ಕೆಲಸ ಮಾಡಲು ಮರಗಟ್ಟಿಸಬೇಕಾಗಿಲ್ಲ. ಅಲ್ಲಿ ನೋಯುವುದಕ್ಕೆ ಏನೂ ಉಳಿದಿಲ್ಲ. ಬೇರನ್ನು ಮೆಲ್ಲಗೆ ಎಳೆಯುವುದಕ್ಕೂ ಬೇಕಾಗಿಲ್ಲ. ಗಾಬರಿಯ ಪೇಷೆಂಟಿಗೆ ಬೇಡ ಎನ್ನುವ ತಿಂಗಳುಗಟ್ಟಲೆಯ ದಾರಿಯೇ ಇವರಿಗೆ ಸರಿ ಎಂದು ತೀರ್ಮಾನಿಸಿದೆ.

"ಇವತ್ತು ಇಂಜೆಕ್ಷನ್ ಇಲ್ಲ," ಎಂದೆ. "ಒತ್ತಿದ ಹಾಗೆ ಆಗ್ತದೆ, ಸ್ವಲ್ಪ ನೋಯ್ತದೆ. ಎಡಗೈ ಎತ್ತಿದ್ರೆ ನಿಲ್ಲಿಸ್ತೀನಿ. ಮುಂದೆ ಯಾವಾಗಲಾದ್ರೂ ಇಂಜೆಕ್ಷನ್ ಬೇಕಾಗಬಹುದು. ಬೇಕಾದ್ರೆ ಹಿಂದಿನ ವಾರವೇ ಹೇಳ್ತೀನಿ. ಮುಚ್ಚಿಡಲ್ಲ."

ಬೇರನ್ನು ಬೆರಳಿನಿಂದ ಅದುಮಿ ಅಲುಗದಂತೆ ಹಿಡಿದು, ಕೊಳವೆಯ ಬಾಯಿಯಲ್ಲಿದ್ದ ಕೊಳೆಯನ್ನು ಸೂಜಿಯಂಥ ಸಣ್ಣ ಅರದಿಂದ ಬಿಡಿಸಿದೆ. ಮೊದಲು ಒಂದು ಹನಿ, ಆಮೇಲೆ ಧಾರೆಯಾಗಿ ಕೀವು ಬಂತು. ಟೀಚರ ಭುಜಗಳು ಕಣ್ಣೆದುರಿಗೇ ಸಡಿಲವಾದವು. ಉದ್ದಕ್ಕೂ ಅವರ ಬಲಗೈಯ ತೋರುಬೆರಳು ಕೆಳದುಟಿಯ ಮೇಲಿತ್ತು. ಆಗಾಗ ಒತ್ತಿ, ತುಟಿ ಇದ್ದಲ್ಲೇ ಇದೆಯೆಂದು ನೋಡಿಕೊಳ್ಳುತ್ತಿದ್ದರು. ಎಡಗೈ ಒಂದೇ ಸಲ ಮೇಲೆದ್ದಿತು.

"ನೋವಾ?"

"ಅಲ್ಲ. ಎತ್ತಿದ್ರೆ ನಿಲ್ಲಿಸ್ತೀರಾ ಅಂತ ನೋಡಿದೆ."

"ಮಕ್ಕಳಿಗೆ ಪಾಠ ಮಾಡೋರು ಇವರು," ಎಂದಳು ಅಕ್ಕ. "ನಿಮಗೂ ಪರೀಕ್ಷೆ ಇಟ್ರು."

ಮುಂದಿನ ಗುರುವಾರ ಊತವಿರಲಿಲ್ಲ. ಕೊಳವೆಯನ್ನು ಉದ್ದಕ್ಕೂ ತೊಳೆದು, ಸುಣ್ಣದಂಥ ಔಷಧಿ ತುಂಬಿ ಎರಡು ವಾರ ಮುಚ್ಚಿಟ್ಟೆ. ಜುಲೈ ಹತ್ತರಂದು ಅದನ್ನು ತೆಗೆದು, ರಬ್ಬರಿನಂಥ ಕಡ್ಡಿ ತುಂಬಿ ಬೇರಿನ ತುದಿಯನ್ನು ಮುಚ್ಚಿದೆ. ಜುಲೈ ಹದಿನೇಳರಂದು ಎಳೆಯುವ ಕೆಲಸ ಶುರು. ಅಕ್ಕಪಕ್ಕದ ನಾಲ್ಕು ಹಲ್ಲುಗಳಿಗೆ ಅಡ್ಡಲಾಗಿ ಗಟ್ಟಿ ತಂತಿ ಅಂಟಿಸಿ, ಬೇರಿನ ಬಾಯಲ್ಲಿ ಪುಟ್ಟ ಕೊಕ್ಕೆ ನೆಟ್ಟು, ಎರಡರ ನಡುವೆ ರಬ್ಬರ್ ದಾರ ಬಿಗಿದೆ. ಅಂಗನವಾಡಿಯ ಸಲುವಾಗಿ ತಂತಿಗೆ ಮುಂದಿನಿಂದ ಒಂದು ನಕಲಿ ಹಲ್ಲನ್ನೂ ತೂಗುಹಾಕಿದೆ.

ಒಂದು ವಾರಕ್ಕೆ ದಾರವೇ ಕಳಚಿಬಿತ್ತು. "ಎಂತ ತಿಂದ್ರಿ?" ಎಂದೆ.

"ಏನಿಲ್ಲ."

"ಹಲಸಿನ ಹಪ್ಪಳ," ಎಂದು ಕೆಳಗಿನ ಜೀಪಿನಿಂದ ಅಪ್ಪನ ದನಿ ಬಂತು. ಮಳೆ ಹೊಳವಾಗಿದ್ದರಿಂದ ಕಿಟಕಿ ತೆರೆದಿತ್ತು. "ಎರಡು! ನನ್ನ ಪಾಲಿಂದೂ ಇವಳೇ ತಿಂದಿದ್ದು!"

ಮತ್ತೆ ಬಿಗಿದೆ. ಅಲ್ಲಿಂದ ಪ್ರತಿ ಗುರುವಾರ ಅಳತೆಪಟ್ಟಿ ಹಿಡಿದು ನೋಡಿ ದಿನಚರಿಯಲ್ಲಿ ಬರೆಯುತ್ತ ಹೋದೆ. ಕೊನೆಗೆ ಮೂರು ಮಿಲಿಮೀಟರ್. ಒಂದು ಅಕ್ಕಿಕಾಳಿನ ಅರ್ಧವಾಗಬಹುದು. ಆದರೂ ಎಕ್ಸ್‌ರೇ ಪರದೆಯ ಮುಂದೆ ನಾನು ಮತ್ತೆ ಮತ್ತೆ ಕೂತು ನೋಡಿದ್ದೇನೆ. ಇದೇ ಬೇರನ್ನು ಇಕ್ಕಳದಲ್ಲಿ ಹಿಡಿದು ಎಳೆದರೆ ಅರ್ಧ ನಿಮಿಷದಲ್ಲಿ ಕೈಗೆ ಬರುತ್ತದೆ, ಹಿಂದೆ ಗುಳಿ ಉಳಿಯುತ್ತದೆ. ಒಂದು ಎಳೆ ದಾರ ಹಗಲು ರಾತ್ರಿ ಮೆಲ್ಲಗೆ ಕರೆದರೆ ಬೇರು ಬರುತ್ತದೆ, ಮೂಳೆ ದಾರಿ ಬಿಡುತ್ತದೆ, ಬಿಟ್ಟ ಜಾಗವನ್ನು ಹಿಂದಿನಿಂದ ತಾನೇ ತುಂಬಿಕೊಳ್ಳುತ್ತ ಬರುತ್ತದೆ. ಒಳಗೆ ಹತ್ತೊಂಬತ್ತು ವರ್ಷದಿಂದ ಸತ್ತಿದ್ದ ಹಲ್ಲು ಅದು. ಅದನ್ನು ಸುತ್ತಲೂ ಹಿಡಿದಿರುವ ಎಳೆಗಳಿಗೆ ಮಾತ್ರ ಆ ಸುದ್ದಿ ತಲುಪಿಯೇ ಇಲ್ಲ. ಅವು ಜೀವಂತ ಹಲ್ಲನ್ನು ಸಾಕುವಂತೆಯೇ ಅದನ್ನು ಸಾಕುತ್ತಿದ್ದವು. ನಾನು ಟೀಚರಿಗೆ ಎರಡು ಚಿತ್ರ ಪಕ್ಕಪಕ್ಕ ಇಟ್ಟು ತೋರಿಸಿದೆ. ಅವರು ಪರದೆಗೆ ಬೆರಳು ತಾಗಿಸಿ, "ಇಷ್ಟು ದೂರ ನಡೆದು ಬಂತಾ ಇದು," ಎಂದರು.

ಆದರೆ ಆಗಸ್ಟ್ ಏಳರಂದು, ನಾನು ಎಣಿಸಿದ್ದೇ ಆಯಿತು. ಬೇರಿನ ಜೊತೆ ಒಸಡೂ ಇಳಿದು ಬಂದಿತ್ತು. ಒಸಡನ್ನು ಬೇರಿಗೆ ಕಟ್ಟಿರುವ ಎಳೆಗಳನ್ನು ತೆಳು ಬ್ಲೇಡಿನಿಂದ ಸುತ್ತಲೂ ಬಿಡಿಸಿ, ಒಸಡನ್ನು ಅದರ ಜಾಗಕ್ಕೆ ಸರಿಸಬೇಕು. ಇಲ್ಲದಿದ್ದರೆ ಬೇರು ವಾಪಸ್ಸು ಮೇಲಕ್ಕೆ ಹೋಗುತ್ತದೆ, ಇಷ್ಟು ದಿನದ ಕೆಲಸವೆಲ್ಲ ವ್ಯರ್ಥ. ಇದು ಜೀವವಿರುವ ಒಸಡು. ಇಂಜೆಕ್ಷನ್ ಇಲ್ಲದೆ ಆಗದು.

"ಮುಂದಿನ ಗುರುವಾರ ಒಂದು ಬೇಕಾಗ್ತದೆ ಟೀಚರ್," ಎಂದೆ.

ಅವರು ಎದ್ದು ಹೋಗಲಿಲ್ಲ. "ಎಷ್ಟು ಜಾಗ? ಎಷ್ಟು ಹೊತ್ತು?" ಎಂದು ಕೇಳಿದರು.

ಮೇಲ್ದುಟಿಯ ಎಡ ಅರ್ಧ, ಮೂಗಿನ ಬುಡದವರೆಗೆ, ಎರಡರಿಂದ ಮೂರು ಗಂಟೆ ಎಂದೆ. ಆಮೇಲೆ ಹತ್ತಿಯ ತುದಿಗೆ, ಮೇಲ್ಪದರವನ್ನು ಮಾತ್ರ ಮರಗಟ್ಟಿಸುವ ಮುಲಾಮು ಹಚ್ಚಿ ಅವರ ಕೈಗೇ ಕೊಟ್ಟೆ. "ತುಟಿ ಒಳಗೆ ಸಾಸಿವೆಯಷ್ಟು ಜಾಗಕ್ಕೆ ನೀವೇ ಹಚ್ಕೊಳ್ಳಿ. ಬಿಡೋವರೆಗೆ ಇಲ್ಲೇ ಕೂತಿರಿ."

ಕನ್ನಡಿ ಹಿಡಿದು ಹಚ್ಚಿಕೊಂಡರು. ಉಗುರಿನಿಂದ ಒತ್ತಿ ಒತ್ತಿ ನೋಡಿದರು. ಮುಖ ಬಿಳಿಚಿತು, ಕಾಲು ನೆಲ ಕೆರೆಯಿತು, ಆದರೆ ಕೂತೇ ಇದ್ದರು. ನಾನು ಇನ್ನೊಬ್ಬ ಪೇಷೆಂಟಿನ ಕೆಲಸ ಮುಗಿಸಿ ಬರುವಷ್ಟರಲ್ಲಿ ಅವರ ಹುಬ್ಬು ಮೇಲೇರಿತ್ತು.

"ಅಂಚಿಂದ ಬಿಡ್ತಾ ಬಂತು. ನಡುವೆ ಕೊನೇಗೆ. ಇದು ಮರ ಅಲ್ಲ ಡಾಕ್ಟ್ರೇ." ಕಿಟಕಿಯ ಆಚೆ, ಗುಡ್ಡದ ತೋಟದ ಮೇಲೆ ಕೂತಿದ್ದ ಮಂಜಿನ ಕಡೆ ಗಲ್ಲ ಎತ್ತಿ ತೋರಿದರು. "ಅದು ಕೂತಂಗೆ. ಕೆಳಗಿರೋ ಗಿಡ ಎಲ್ಲೂ ಹೋಗಿರಲ್ಲ."

ಆಗಸ್ಟ್ ಹದಿನಾಲ್ಕು, ಗುರುವಾರ, ಬೆಳಗ್ಗೆ ಹನ್ನೊಂದು. ಮೆಟ್ಟಿಲ ಮೇಲೆ ಗದ್ದಲ. ಜೀಪಿನ ಡ್ರೈವರೂ ಹಾರ್ಡ್‌ವೇರ್ ಅಂಗಡಿಯವರೂ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿಕೊಂಡು ಬರುತ್ತಿದ್ದರು. ಕುರ್ಚಿಯಲ್ಲಿ ಅಪ್ಪ.

"ಮೆಲ್ಲಗೆ ಮಾರಾಯ, ಒಂದ್ಸಲ ಬಿದ್ದಿದ್ದು ಸಾಕು," ಎನ್ನುತ್ತಿದ್ದರು. ಮಗಳ ಕುರ್ಚಿಯ ಪಕ್ಕಕ್ಕೆ ತಮ್ಮದನ್ನು ಹಾಕಿಸಿಕೊಂಡು ನನಗೆ ಹೇಳಿದರು, "ಬಿಡೋವರೆಗೂ ನಾನು ಇಲ್ಲಿಂದ ಏಳಲ್ಲ. ಏಳಕ್ಕೂ ಆಗಲ್ಲ ಅನ್ನಿ."

ನಾನು ಸಿರಿಂಜನ್ನು ಹಿಂದೆ ಮುಚ್ಚಿಡಲಿಲ್ಲ. ಟೀಚರಿಗೆ ತೋರಿಸಿ, "ಮಂಜು ಕೂರಿಸ್ಲಾ?" ಎಂದು ಕೇಳಿದೆ. ಅವರು ಕಣ್ಣು ಮುಚ್ಚಿ ಆಗಲೆಂದು ತಲೆಯಾಡಿಸಿದರು. ಬಲಗೈ ಅಪ್ಪನ ಕೈಯಲ್ಲಿತ್ತು. ಎಡಗೈ ಕೊನೆಯವರೆಗೂ ಮೇಲೇಳಲಿಲ್ಲ. ಬ್ಲೇಡಿನ ಕೆಲಸ, ಅಳತೆ, ಮತ್ತೆ ತಂತಿ ಬಿಗಿಯುವುದು, ಎಲ್ಲ ಸೇರಿ ಇಪ್ಪತ್ತೈದು ನಿಮಿಷದಲ್ಲಿ ಮುಗಿಯಿತು. ದಿನದ ನಿಜವಾದ ಕೆಲಸ ಆಮೇಲೆ ಶುರುವಾಯಿತು.

ಇಬ್ಬರೂ ಕಿಟಕಿಯ ಹತ್ತಿರ ಕೂತರು. ಟೀಚರ ಎಡದುಟಿ ಜೋತು ಬಿದ್ದಿತ್ತು, ಬೆರಳು ಅದರ ಮೇಲೇ ಇತ್ತು. ಸ್ವಲ್ಪ ಹೊತ್ತಿಗೊಮ್ಮೆ ಅಪ್ಪ ಕೇಳುತ್ತಿದ್ದರು:

"ಬಿಡ್ತಾ ಮಗಾ?"

"ಇಲ್ಲ."

ನಾನು ಕೈಗವಸು ಕಳಚುತ್ತಿದ್ದವಳು ಅಲ್ಲೇ ನಿಂತೆ. ಆ ಕತೆ ನನ್ನಿಂದ ಕೇಳಿದ್ದ ಅಕ್ಕನೂ ನಿಂತಳು. ಆ ಪ್ರಶ್ನೆ ಇವರ ಮನೆಯಲ್ಲಿ ಎಷ್ಟು ವರ್ಷ ಯಾರಿಂದ ಯಾರಿಗೆ ಹೋಗಿತ್ತೆಂದು ನಮಗಿಬ್ಬರಿಗೂ ಗೊತ್ತಿತ್ತು. ಈಗ ಅದು ತಿರುಗಿ ಬರುತ್ತಿತ್ತು. ಹನ್ನೆರಡು ಗಂಟೆಗೆ ಇಲ್ಲ. ಊಟದ ಹೊತ್ತಿಗೆ ಇಲ್ಲ. ಒಂದು ಗಂಟೆಗೆ ಟೀಚರ ಕಣ್ಣಲ್ಲಿ ಮತ್ತೆ ಹಳೆಯ ಗಾಬರಿ ಕಾಣತೊಡಗಿತು. ಇನ್ನೂ ಸಮಯವಿದೆ ಎಂದು ನಾನು ಹೇಳಲಿಲ್ಲ. ಹಾಗೆ ಹೇಳಿದ ಡಾಕ್ಟರನ್ನು ಅವರು ಒಮ್ಮೆ ನೋಡಿದ್ದರು.

ಒಂದೂ ಮುಕ್ಕಾಲಿಗೆ ಅವರು ಥಟ್ಟನೆ ನೆಟ್ಟಗಾದರು. ಮೂಗಿನ ಬುಡ ಒತ್ತಿದರು. ತುಟಿಯ ಅಂಚು ಒತ್ತಿದರು. ಉಗುರಿನಿಂದ ಜೋರಾಗಿ ಚಿವುಟಿಕೊಂಡರು.

"ಅಯ್ಯೋ ನೋಯ್ತದೆ!" ಎಂದು ಕೂಗಿದರು. "ಅಪ್ಪ, ಬಿಡ್ತು! ನೋಯ್ತಿದೆ!"

ಹಲ್ಲಿನ ಕುರ್ಚಿಯ ಪಕ್ಕ ನಿಂತು ನೋವೆಂಬ ಮಾತನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಹಬ್ಬದ ಸುದ್ದಿಯ ಹಾಗೆ ಯಾರೂ ಅದನ್ನು ಕೂಗಿ ಹೇಳಿದ್ದು ಕೇಳಿರಲಿಲ್ಲ. ಅಪ್ಪ ಮಗಳ ಗಲ್ಲ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದರು, ಮರ ಹತ್ತುವ ಮುಂಚೆ ಬುಡ ನೋಡುವವರಂತೆ. "ಬಿಡ್ತು," ಎಂದರು. "ಅಂತೂ ಮನೇಲಿ ಒಬ್ಬರಿಗಾದ್ರೂ ಬಿಡ್ತು ಮಾರಾಯ್ತಿ." ಟೀಚರ್ ಒಂದೇ ಸಲ ನಗುತ್ತ ಅಳುತ್ತ ಬಗ್ಗಿ, ಹಳೆಯ ಅಭ್ಯಾಸದಂತೆ, ಅಪ್ಪನ ಕಾಲಿನ ಹೆಬ್ಬೆರಳನ್ನು ಚಿವುಟಿದರು. ಅಪ್ಪ ಇಲ್ಲವೆಂದು ತಲೆ ಅಲ್ಲಾಡಿಸಿ ಮಗಳ ನೆತ್ತಿಯ ಮೇಲೆ ಕೈ ಇಟ್ಟರು.

ಬೇರು ಕೆಳಗೆ ಬಂದ ಜಾಗದಲ್ಲೇ ನಿಲ್ಲಲೆಂದು ಎರಡು ತಿಂಗಳು ತಂತಿ ಹಾಗೇ ಇತ್ತು. ಅಕ್ಟೋಬರ್ ಹದಿನಾರರಂದು ಒಳಗೆ ಕಡ್ಡಿ ನಿಲ್ಲಿಸಿ, ಒಂದು ವಾರದ ಮೇಲೆ ಕ್ಯಾಪ್ ಕೂರಿಸಿದೆ. ಕ್ಯಾಪಿಗೆ ಹಿಡಿದುಕೊಳ್ಳಲು ಸುತ್ತಲೂ ಎರಡು ಮಿಲಿಮೀಟರ್ ಗಟ್ಟಿ ಹಲ್ಲಿದೆ. ಟೀಚರ್ ಕನ್ನಡಿಯ ಮುಂದೆ ಸೂರ್ಯ, ಸೊಪ್ಪು, ಸಾರು ಎಂದು ಹೇಳಿ ನೋಡಿಕೊಂಡರು. ಮಕ್ಕಳಲ್ಲಿ ಇಬ್ಬರು ಇನ್ನೂ ಥಾರೇ ಎನ್ನುತ್ತಾರಂತೆ. ಆ ಇಬ್ಬರಿಗೆ ಮುಂದಿನ ಹಲ್ಲು ಬಿದ್ದಿದೆ, ಹಾಗಾಗಿ ಅದು ಟೀಚರ ತಪ್ಪಲ್ಲ.

ಈ ಬೇರು ಎಷ್ಟು ವರ್ಷ ಬಾಳುತ್ತದೆಂದು ನನಗೆ ಗೊತ್ತಿಲ್ಲ. ಅದರ ಗೋಡೆ ಹನ್ನೆರಡರ ಹುಡುಗಿಯದು, ತೆಳು. ಮುಂದೊಂದು ದಿನ ಸೀಳಿದರೆ ಕಿತ್ತೇ ತೆಗೆಯಬೇಕಾಗುತ್ತದೆ, ಅದನ್ನೂ ಹೇಳಿದ್ದೇನೆ. "ಆವಾಗ ಮಂಜು ಕೂರಿಸಿ ತೆಗೀರಿ," ಎಂದಿದ್ದಾರೆ.

ಈ ಮಾತು ಎಲ್ಲರಿಗೂ ಒಗ್ಗುವುದಿಲ್ಲ. ಕಳೆದ ವಾರ ಹಿರಿಯ ಪ್ಲಾಂಟರೊಬ್ಬರಿಗೆ ಹೇಳಿ ನೋಡಿದೆ. "ಮಂಜಂತೆ! ತೋಟದಲ್ಲಿ ನೋಡಿ ಸಾಕಾಗಿ ಇಲ್ಲಿ ಬಂದಿದೀನಿ. ಸುಮ್ನೆ ಇಂಜೆಕ್ಷನ್ ಹಾಕಿ ಡಾಕ್ಟ್ರೇ," ಎಂದರು. ಆದರೂ ಮರಗಟ್ಟಿಸ್ತೀನಿ ಎಂಬುದು ಈಗ ನನ್ನ ಬಾಯಿಂದ ಸಲೀಸಾಗಿ ಬರುವುದಿಲ್ಲ. ಎದುರಿಗಿರುವವರ ಮನೆಯಲ್ಲಿ ಆ ಮಾತಿಗೆ ಏನರ್ಥವಿದೆಯೋ ಎಂದು ನಾಲಿಗೆ ತಡೆಯುತ್ತದೆ.

ಹೀಗೆ ಎಳೆದು ಉಳಿಸಿದ, ತೆಳುಗೋಡೆಯ ಬೇರನ್ನು ಹತ್ತು ಹದಿನೈದು ವರ್ಷ ಹಿಂಬಾಲಿಸಿ ನೋಡಿದ ದಂತವೈದ್ಯರಿದ್ದರೆ ಕಂಡದ್ದನ್ನು ಈ ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಿ. ವೈದ್ಯರಲ್ಲದವರಿಂದಲೂ ನನಗೆ ಒಂದು ಸಹಾಯ ಬೇಕು. ಮೈಯ ಒಂದು ಭಾಗ ಕೆಲಹೊತ್ತು ಮಾತ್ರ ಸುಮ್ಮನಾಗಿ, ಮತ್ತೆ ತಾನಾಗಿಯೇ ತಿರುಗಿ ಬರುವುದಕ್ಕೆ ನಿಮ್ಮ ಊರಲ್ಲಿ, ನಿಮ್ಮ ಅಜ್ಜಿಯ ಬಾಯಲ್ಲಿ ಜೋಮು ಎಂಬುದನ್ನು ಬಿಟ್ಟು ಬೇರೆ ಮಾತಿದ್ದರೆ ಅದನ್ನೂ ಬರೆಯಿರಿ. ತಿರುಗಿ ಬರುತ್ತದೆಂಬುದು ಆ ಮಾತಿನೊಳಗೇ ಇರಬೇಕು.